ಬಟಾಣಿ ಬಿಟ್ಟ ವ್ಯಾನು

ವ್ಯಾನ್ ಬರುತ್ತಿದೆ ಎಂದು ಬಟಾಣಿಗೆ ತಿರುಗಿ ನೋಡದೆಯೇ ಗೊತ್ತಾಯಿತು. ಅದರ ಹಿಂದಿನ ಬಾಗಿಲು ಸ್ವಲ್ಪ ಸಡಿಲ. ರಸ್ತೆಯಲ್ಲಿ ಅಂಗೈಯಗಲದ ಗುಂಡಿ ಸಿಕ್ಕರೂ ಸಾಕು, ಡಬ್ಬಿಯೊಳಗೆ ಚಮಚ ಹಾಕಿ ಅಲ್ಲಾಡಿಸಿದ ಹಾಗೆ ಗಡಗಡ ಎನ್ನುತ್ತದೆ.

“ಅಪ್ಪ, ಒಂದು ನಿಮಿಷ. ಶೂ ಲೇಸ್ ಬಿಚ್ಕೊಂಡಿದೆ,” ಎಂದು ಅವಳು ನೀರಿನ ಟ್ಯಾಂಕಿನ ಪಕ್ಕದಲ್ಲಿ ಕೂತೇಬಿಟ್ಟಳು.

ಲೇಸ್ ತಾನಾಗಿ ಬಿಚ್ಚಿಕೊಂಡಿರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಅವಳೇ ಬಗ್ಗಿ ಎಳೆದಿದ್ದಳು. ಅದು ಅಪ್ಪನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ, ಅವನು ಟ್ಯಾಂಕಿನ ಮೇಲೆ ಕೂತ ಪಾರಿವಾಳಗಳನ್ನು ಎಣಿಸುವವನಂತೆ ತಲೆಯೆತ್ತಿ ನಿಂತ.

ಹಳದಿ ವ್ಯಾನ್ ತಿರುವಿನಲ್ಲಿ ನಿಧಾನವಾಯಿತು. ಮೂರನೇ ಕಿಟಕಿಯಲ್ಲಿ ಮೊದಲು ಒಂದು ಉದ್ದನೆಯ ಕುತ್ತಿಗೆ ಕಾಣಿಸಿತು. ಆಮೇಲೆ ಒಂದು ಉದ್ದನೆಯ ಕೈ. ಆ ಕೈ ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಎತ್ತಿ ತೋರಿಸಿ, ಮತ್ತೆ ಅಲ್ಲೇ ಇಟ್ಟಿತು. ಸೀಟ್ ಹಿಡಿದಿದ್ದೇನೆ, ಬೇರೆ ಯಾರಿಗೂ ಕೊಟ್ಟಿಲ್ಲ ಎಂದು ಅದರ ಅರ್ಥ. ಬಟಾಣಿ ಎದ್ದು ಕೈ ಬೀಸುವಷ್ಟರಲ್ಲಿ ವ್ಯಾನ್ ಗಡಗಡ ಎನ್ನುತ್ತ ತಿರುಗಿ ಹೋಗಿತ್ತು.

ಆ ಉದ್ದ ಕುತ್ತಿಗೆಯವಳನ್ನು ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ಬಟಾಣಿಗೆ ಅವಳ ಹೆಸರು ಬಂದದ್ದು ಹುಟ್ಟಿದ ವರ್ಷದಲ್ಲೇ. ಎಲ್ಲಿ ಮಲಗಿಸಿದರೂ ಉರುಳಿಕೊಂಡು ಹೋಗಿ ಮಂಚದ ಕೆಳಗೆ ಸಿಗುತ್ತಿದ್ದಳಂತೆ. ಕೊಕ್ಕರೆಯೂ ಬಟಾಣಿಯೂ ಒಂದನೇ ಕ್ಲಾಸಿನಿಂದ ಗೆಳತಿಯರು. ಆದರೆ ಈ ವರ್ಷ ಕೊಕ್ಕರೆ ಐದನೇ ಕ್ಲಾಸಿನ ಎ ಸೆಕ್ಷನ್, ಬಟಾಣಿ ಬಿ ಸೆಕ್ಷನ್. ಊಟದ ಶೆಡ್ ಚಿಕ್ಕದು ಎಂದು ಎ ಸೆಕ್ಷನ್ನಿಗೆ ಮೊದಲು ಊಟ, ಅವರು ಕೈ ತೊಳೆದ ಮೇಲೆ ಬಿ ಸೆಕ್ಷನ್ನಿಗೆ. ಆಟದ ಪಿರಿಯಡ್ ಕೂಡ ಬೇರೆ ಬೇರೆ ದಿನ. ಹಾಗಾಗಿ ಇಬ್ಬರಿಗೂ ಉಳಿದಿದ್ದು ವ್ಯಾನ್ ಒಂದೇ. ಹೋಗುವಾಗ ಇಪ್ಪತ್ತು ನಿಮಿಷ, ಬರುವಾಗ ಇಪ್ಪತ್ತೈದು.

ಆ ನಲವತ್ತೈದು ನಿಮಿಷದಲ್ಲಿ ಅವರು ಏನೇನು ಮಾಡುತ್ತಿದ್ದರು ಎಂದು ಕೇಳಿದರೆ ಹೇಳುವುದು ಕಷ್ಟ. ರಸ್ತೆಯಲ್ಲಿ ಕಂಡವರಿಗೆಲ್ಲ ಹೆಸರಿಡುತ್ತಿದ್ದರು. ಬಲಗಡೆ ಎಷ್ಟು ನಾಯಿ, ಎಡಗಡೆ ಎಷ್ಟು ನಾಯಿ ಎಂದು ಪಂದ್ಯ ಕಟ್ಟುತ್ತಿದ್ದರು. ಕೆಲವು ದಿನ ಏನೂ ಮಾತಾಡದೆ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಿದ್ದರು, ಅಷ್ಟೇ.

ಬಟಾಣಿಯಿಂದ ವ್ಯಾನನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅವಳೇ ಬಿಟ್ಟುಕೊಟ್ಟಿದ್ದಳು. ತೊಂದರೆ ಇದ್ದದ್ದೇ ಅಲ್ಲಿ.

ಅದು ಆದದ್ದು ಒಂದು ಭಾನುವಾರ ಬೆಳಿಗ್ಗೆ. ಅಮ್ಮ ಒಂದು ಕಾಗದವನ್ನು ಮೇಜಿನ ಮೇಲಿಟ್ಟು, ಅದು ಹಾರಿಹೋಗುತ್ತದೇನೋ ಎಂಬಂತೆ ಮೇಲೆ ಅಂಗೈ ಒತ್ತಿ ಹಿಡಿದುಕೊಂಡಳು. ನರ್ಸಿಂಗ್ ಸಹಾಯಕಿಯರ ತರಬೇತಿಯಲ್ಲಿ ಅವಳಿಗೆ ಸೀಟ್ ಸಿಕ್ಕಿತ್ತು. ಒಂದು ವರ್ಷದ ಕೋರ್ಸು. ಮುಗಿದ ಮೇಲೆ ಆಸ್ಪತ್ರೆಯಲ್ಲಿ ಕೆಲಸ ಸಿಗಬಹುದು. ಅಲ್ಲಿಯವರೆಗೆ ಅಮ್ಮ ಟೈಲರ್ ಅಂಗಡಿಗೆ ಹೋಗುವ ಹಾಗಿಲ್ಲ. ಅಲ್ಲಿ ಅವಳು ಶರ್ಟುಗಳಿಗೆ ಗುಂಡಿ ಹಾಕುತ್ತಿದ್ದಳು, ಪ್ಯಾಂಟುಗಳ ಅಂಚು ಮಡಿಸಿ ಹೊಲಿಯುತ್ತಿದ್ದಳು. ಇನ್ನು ಮೇಲೆ ಆ ಸಂಬಳ ಇಲ್ಲ. ಮೇಲೆ ಕೋರ್ಸಿನ ಫೀಸು ಬೇರೆ.

“ಒಂದು ವರ್ಷ ಕೈ ಬಿಗಿ ಹಿಡೀಬೇಕಾಗತ್ತೆ,” ಎಂದಳು ಅಮ್ಮ. ಹೇಳುವಾಗ ತಪ್ಪು ಮಾಡಿದವಳ ಹಾಗೆ ಅಜ್ಜಿಯ ಮುಖ ನೋಡಿದಳು.

ಅಪ್ಪನಿಗೆ ಗಾಜು ಮತ್ತು ಫೋಟೋ ಫ್ರೇಮಿನ ಅಂಗಡಿಯಲ್ಲಿ ಕೆಲಸ. ತಾನು ಬಸ್ಸು ಬಿಟ್ಟು ನಡೆದೇ ಹೋಗುತ್ತೇನೆ, ಸಾಯಂಕಾಲದ ಟೀ ಬನ್ನನ್ನೂ ಬಿಡುತ್ತೇನೆ ಎಂದ. ಹೊಟ್ಟೆಯೂ ಕರಗೀತು ಎಂದು ಸೇರಿಸಿದ. ಆಮೇಲೆ ಅಜ್ಜಿ ಟೀವಿಯ ಕೇಬಲ್ ತೆಗೆಸಿಬಿಡಿ ಎಂದಳು. ಎಲ್ಲರೂ ಅವಳ ಕಡೆ ತಿರುಗಿದರು. ಅಜ್ಜಿಯ ಏಳು ಗಂಟೆಯ ಸೀರಿಯಲ್ ಎಂದರೆ ಮನೆಯಲ್ಲಿ ಯಾರೂ ಕೆಮ್ಮುವ ಹಾಗೂ ಇರಲಿಲ್ಲ.

“ಅದರಲ್ಲಿರೋ ಅತ್ತೆ ಇನ್ನೂ ಮೂರು ವರ್ಷ ಸಾಯಲ್ಲ ಬಿಡು,” ಎಂದಳು ಅಜ್ಜಿ ಅಮ್ಮನಿಗೆ. “ನೀನು ಕೋರ್ಸ್ ಮುಗಿಸಿ ಬಾ. ಆಮೇಲೆ ನೋಡಿದ್ರೂ ಅವಳು ಅದೇ ಮೆಟ್ಟಿಲ ಮೇಲೆ ನಿಂತು ಅದೇ ಮಾತಾಡ್ತಿರ್ತಾಳೆ.”

ಬಟಾಣಿಯನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲರೂ ಏನಾದರೂ ಕೊಡುತ್ತಿರುವಾಗ ತನ್ನೊಬ್ಬಳ ಕೈ ಖಾಲಿ ಎನ್ನಿಸಿತು ಅವಳಿಗೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದಾಗ ಎತ್ತುವ ಹಾಗೆ ಕೈ ಎತ್ತಿ, “ನಾನು ವ್ಯಾನ್ ಬಿಡ್ತೀನಿ. ಅಪ್ಪನ ಜೊತೆ ನಡ್ಕೊಂಡು ಹೋಗ್ತೀನಿ,” ಎಂದಳು.

ಅಮ್ಮ ಬೇಡವೇ ಬೇಡ ಎಂದಳು. ಅಪ್ಪ, ನೋಡೋಣ ಎಂದ. ಬಟಾಣಿ ಹಟ ಹಿಡಿದಳು. ಕೊನೆಗೆ ಅಮ್ಮ ಅವಳನ್ನು ಎಳೆದು ಅಪ್ಪಿಕೊಂಡಾಗ ಬಟಾಣಿಯ ಕುತ್ತಿಗೆಗೆ ಅಮ್ಮನ ಕಣ್ಣೀರು ತಾಗಿತು. ಅಂದು ಸಂಜೆಯೊಳಗೆ ಅಜ್ಜಿ ಬೀದಿಯ ಎಂಟು ಮನೆಗೆ ಹೋಗಿ, ನನ್ನ ಮೊಮ್ಮಗಳು ಎಂಥವಳು ಗೊತ್ತಾ ಎಂದು ಹೇಳಿ ಬಂದಳು. ಆ ದಿನ ಬಟಾಣಿ ನೆಲದ ಮೇಲೆ ನಡೆಯಲೇ ಇಲ್ಲ.

ವ್ಯಾನ್ ಎಂದರೆ ನಾಲ್ಕು ಚಕ್ರ ಮತ್ತು ಸೀಟು ಎಂದಷ್ಟೇ ಅವಳು ಲೆಕ್ಕ ಹಾಕಿದ್ದಳು. ಅದರೊಳಗೆ ಕೊಕ್ಕರೆ ಇದ್ದಾಳೆ ಎಂಬುದು ಹೊಳೆದದ್ದು ಸೋಮವಾರ, ಟ್ಯಾಂಕಿನ ತಿರುವಿನಲ್ಲಿ, ವ್ಯಾನ್ ದಾಟಿ ಹೋದ ಮೇಲೆ. ಆಗ ಏನು ಮಾಡುವುದು? ಬಾಯಲ್ಲಿ ಬಿಸಿ ತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮನೆಯೊಳಗಿನ ಉಳಿತಾಯ ಅವಳಿಗೆ ಆಟದ ಹಾಗೇ ಇತ್ತು. ಅಜ್ಜಿಗಂತೂ ಹಳೆಯ ರಾಜ್ಯ ತಿರುಗಿ ಸಿಕ್ಕಂತಾಗಿತ್ತು. ಸವೆದ ಸೋಪಿನ ಚೂರುಗಳನ್ನೆಲ್ಲ ಒದ್ದೆ ಮಾಡಿ ಒತ್ತಿ, ಮೂರು ಬಣ್ಣದ ಹೊಸ ಸೋಪು ಮಾಡುತ್ತಿದ್ದಳು. ಟೂತ್‌ಪೇಸ್ಟ್ ಟ್ಯೂಬಿನ ಹೊಟ್ಟೆ ಸೀಳಿ ಇನ್ನೂ ನಾಲ್ಕು ದಿನ ಹಲ್ಲುಜ್ಜಿಸುತ್ತಿದ್ದಳು. ಕಾಳನ್ನು ಬೆಳಿಗ್ಗೆಯೇ ನೆನೆಹಾಕಿದರೆ ಗ್ಯಾಸ್ ಅರ್ಧ ಸಾಕು ಎಂದು ಅಮ್ಮನಿಗೆ ಪಾಠ ಹೇಳುತ್ತಿದ್ದಳು. ಬಟ್ಟೆ ಜಾಲಿಸಿದ ನೀರು ನೆಲ ಒರೆಸಲು ಹೋಗುತ್ತಿತ್ತು. ಕತ್ತಲಾದ ಮೇಲೆ ಮನೆಯಲ್ಲಿ ಒಂದೇ ದೀಪ. ಅದು ಉರಿಯುವ ಕೋಣೆಯಲ್ಲೇ ಎಲ್ಲರೂ. ಅಪ್ಪ ಅಂಗಡಿಯಿಂದ ಫ್ರೇಮಿಗೆ ಕತ್ತರಿಸಿ ಉಳಿದ ದಪ್ಪ ಕಾಗದದ ತುಂಡುಗಳನ್ನು ತರುತ್ತಿದ್ದ, ಬಟಾಣಿ ಅವುಗಳ ಮೇಲೆ ಚಿತ್ರ ಬರೆಯುತ್ತಿದ್ದಳು. ಏಳು ಗಂಟೆಗೆ ಸರಿಯಾಗಿ ಅಜ್ಜಿ ಆರಿಸಿಟ್ಟ ಟೀವಿಯ ಮುಂದೆ ಕೂತು, ಇವತ್ತು ಸೀರಿಯಲ್ಲಿನಲ್ಲಿ ಏನಾಗಿರಬಹುದು ಎಂದು ತಾನೇ ಕತೆ ಕಟ್ಟಿ ಹೇಳುತ್ತಿದ್ದಳು. ಅಜ್ಜಿಯ ಕತೆಯಲ್ಲಿ ಅತ್ತೆ ಎರಡನೇ ವಾರಕ್ಕೇ ಬುದ್ಧಿ ಕಲಿತಳು.

ಆದರೆ ಬೆಳಿಗ್ಗೆ ಎಂಟು ಗಂಟೆಗೆ ಚಪ್ಪಲಿ ಮೆಟ್ಟಿ ಅಪ್ಪ ಬಾಗಿಲಲ್ಲಿ ನಿಂತ ಕೂಡಲೇ ಬಟಾಣಿಗೆ ಆಟವೆಲ್ಲ ಮರೆತುಹೋಗುತ್ತಿತ್ತು. ಅಪ್ಪ ದಾರಿಯುದ್ದಕ್ಕೂ ಒಳ್ಳೆಯ ಮಾತೇ ಆಡುತ್ತಿದ್ದ. ಗಾಜನ್ನು ಹೇಗೆ ಗೀರುತ್ತಾರೆ, ಗೀರಿದ ಮೇಲೆ ಹೆದರದೆ ಒಂದೇ ಸಲಕ್ಕೆ ಹೇಗೆ ಮುರಿಯಬೇಕು, ಹೆದರಿದರೆ ಗಾಜಿಗೆ ಹೇಗೆ ಗೊತ್ತಾಗುತ್ತದೆ. ಅವಳು ಹೂಂ ಎನ್ನುತ್ತಿದ್ದಳು. ಕಿವಿ ಮಾತ್ರ ಹಿಂದೆ, ಗಡಗಡ ಸದ್ದಿಗಾಗಿ ಕಾದಿರುತ್ತಿತ್ತು.

ಮೂರನೇ ವಾರದ ಬುಧವಾರ ಮೂರನೇ ಕಿಟಕಿಯಲ್ಲಿ ಬ್ಯಾಗ್ ಕಾಣಿಸಲಿಲ್ಲ. ಅಲ್ಲಿ ಕೆಂಪು ಹೇರ್‌ಬ್ಯಾಂಡಿನ ಒಬ್ಬಳು ಕೂತಿದ್ದಳು. ಕೊಕ್ಕರೆ ಅವಳ ಕಡೆ ತಿರುಗಿ ಏನೋ ಹೇಳುತ್ತಿದ್ದಳು. ಟ್ಯಾಂಕ್ ದಾಟಿದ ಮೇಲೆ ನೆನಪಾಯಿತೋ ಏನೋ, ಕಿಟಕಿಯಿಂದ ಒಂದು ಉದ್ದನೆಯ ಕೈ ಹೊರಗೆ ಬಂದು ಆಡಿತು.

ಪ್ರಾರ್ಥನೆಗೆ ಸಾಲು ನಿಲ್ಲುವಾಗ ಬಟಾಣಿ ಅವಳನ್ನು ಹಿಡಿದು, ಯಾರದು ಎಂದು ಕೇಳಿದಳು.

“ಹೊಸಬಳು ಕಣೆ. ನಾನು ಸೀಟ್ ಬಿಡ್ಲಿಲ್ಲ, ಆಣೆಗೂ ಬಿಡ್ಲಿಲ್ಲ. ಬ್ಯಾಗಿಗೆಲ್ಲ ಸೀಟ್ ಕೊಡಕ್ಕಾಗಲ್ಲ ಅಂತ ವ್ಯಾನ್ ಮಾಮ ಬೈದ್ರು,” ಎಂದಳು ಕೊಕ್ಕರೆ. ಅವಳ ಕಣ್ಣಲ್ಲಿ ನಿಜವಾಗಿಯೂ ಬೇಜಾರಿತ್ತು. ಅಷ್ಟರಲ್ಲಿ ಎ ಸೆಕ್ಷನ್ ಸಾಲಿನಿಂದ ಯಾರೋ “ಟೋಪಿ” ಎಂದರು. ಕೊಕ್ಕರೆ ಕಿಸಕ್ಕನೆ ನಕ್ಕಳು. ವ್ಯಾನಿನಲ್ಲಿ ಬರುವ ಇನ್ನೂ ನಾಲ್ಕು ಜನ ನಕ್ಕರು.

ಏನದು ಟೋಪಿ ಎಂದು ಬಟಾಣಿ ಕೇಳಿದಳು. ಕೊಕ್ಕರೆ ಹೇಳಲು ಹೊರಟು, ಮಧ್ಯದಲ್ಲಿ ಮತ್ತೆ ನಗು ಬಂದು, “ಹೇಳಿದ್ರೆ ನಗು ಬರಲ್ಲ ಕಣೆ. ನೀನು ಅಲ್ಲಿ ಇರ್ಬೇಕಿತ್ತು,” ಎಂದಳು.

ಆ ಮಾತು ಇಡೀ ದಿನ ಬಟಾಣಿಯ ಬೆನ್ನು ಬಿಡಲಿಲ್ಲ. ಭಾಗಾಕಾರ ಮಾಡುವಾಗ ಪಕ್ಕದಲ್ಲೇ ಕೂತಿತ್ತು. ಊಟದ ಡಬ್ಬಿ ತೆಗೆದರೆ ಅದರೊಳಗೂ ಇತ್ತು.

ಮುಂದಿನ ವಾರ ಒಂದು ದಿನ ಅಪ್ಪ ಏಳು ಗಂಟೆಗೇ ಹೊರಟ. ಯಾವುದೋ ಹೊಸ ಅಂಗಡಿಗೆ ಎದೆಯೆತ್ತರದ ಗಾಜುಗಳನ್ನು ಕೂರಿಸುವುದಿತ್ತು. ಅಮ್ಮನ ಕ್ಲಾಸು ಒಂಬತ್ತೂವರೆಗೆ, ಅಷ್ಟರೊಳಗೆ ಮನೆಗೆಲಸ ಮುಗಿಯಬೇಕು. ಅಜ್ಜಿ ಟ್ಯಾಂಕಿನವರೆಗೆ ಬಂದು ಮೊಣಕಾಲು ಹಿಡಿದು ನಿಂತಳು. ಅಲ್ಲಿಂದ ದಿನಾ ನಡೆದು ಹೋಗುವ ಏಳನೇ ಕ್ಲಾಸಿನ ಹುಡುಗಿಯರಿಬ್ಬರು ಮುಂದೆ ಕಾಣುತ್ತಿದ್ದರು. ಓಡಿ ಅವರ ಜೊತೆ ಸೇರಿಕೋ ಎಂದು ಹೇಳಿ ಅಜ್ಜಿ ಹಿಂದಿರುಗಿದಳು.

ಬಟಾಣಿ ಓಡಲಿಲ್ಲ. ಗಡಗಡ ಸದ್ದು ಕೇಳಿಸಿತ್ತು.

ವ್ಯಾನ್ ತಿರುವಿನಲ್ಲಿ ನಿಧಾನವಾದಾಗ ಅವಳು ತೀರಾ ರಸ್ತೆಯ ಅಂಚಿನಲ್ಲಿ ನಿಂತಿದ್ದಳು. ವ್ಯಾನ್ ಮಾಮ ಬ್ರೇಕ್ ಹಾಕಿ, ಇವತ್ತು ಒಬ್ಬಳೇ ಯಾಕೆ ಎಂದು ಕೇಳಿದ. ಅವನಿಗೆ ಬಟಾಣಿಯನ್ನು ಎಲ್‌ಕೇಜಿಯಿಂದ ಗೊತ್ತು. ಅವಳ ಬಿದ್ದ ಹಲ್ಲನ್ನು ಸೀಟಿನ ಕೆಳಗೆ ಹುಡುಕಿ ಕೊಟ್ಟವನೇ ಅವನು.

“ಇವತ್ತಿಂದ ಮತ್ತೆ ವ್ಯಾನಲ್ಲೇ ಮಾಮ. ಅಮ್ಮ ಹೇಳಿದ್ದಾಳೆ,” ಎಂದಿತು ಬಟಾಣಿಯ ಬಾಯಿ. ಅವಳು ಯೋಚನೆ ಮಾಡುವಷ್ಟರಲ್ಲಿ ಕಾಲು ಮೆಟ್ಟಿಲ ಮೇಲಿತ್ತು.

ಒಳಗೆ ಎಲ್ಲ ಸೀಟೂ ಭರ್ತಿ. ಮಾಮ ಹಿಂದೆ ತೋರಿಸಿದ. ಅಲ್ಲಿ ಸ್ಟೆಪ್ನಿ ಟೈರಿನ ಪಕ್ಕ ಒಂದು ಮೋಟು ಹಲಗೆ ಇತ್ತು. ಬಟಾಣಿ ಟೈರಿಗೆ ಒರಗಿ ಹಿಂದಕ್ಕೆ ಮುಖ ಮಾಡಿ ಕೂತಳು. ರಸ್ತೆ ಮುಂದಿನಿಂದ ಬರುವ ಬದಲು ಅವಳಿಂದ ದೂರ ದೂರ ಓಡಿ ಹೋಗತೊಡಗಿತು. ಮುಂದೆ ಯಾರೋ “ಟೋಪಿ” ಎಂದರು. ಎಲ್ಲರೂ ಕೂಗಿ ನಕ್ಕರು. ಬಟಾಣಿಯೂ ನಕ್ಕಳು. ಏನೆಂದು ಗೊತ್ತಿಲ್ಲದೆ ನಗುವಾಗ ಕೆನ್ನೆ ನೋಯುತ್ತದೆ ಎಂದು ಅವಳಿಗೆ ಅವತ್ತೇ ತಿಳಿದದ್ದು.

ಮಾರ್ಕೆಟ್ ದಾಟಿದ ಮೇಲೆ ಯಾರೋ ಬ್ಯಾಗುಗಳನ್ನು ಹಾರಿಕೊಂಡು ಹಿಂದೆ ಬಂದರು. ಕೊಕ್ಕರೆ. ಅರ್ಧ ಆಳಿಗೂ ಸಾಲದ ಆ ಹಲಗೆಯ ಮೇಲೆ ಅವಳು ತನ್ನ ಉದ್ದ ಕಾಲು ಮಡಿಸಿ, ಬಟಾಣಿಯನ್ನು ಟೈರಿಗೆ ಇನ್ನಷ್ಟು ಒತ್ತಿ ಕೂತಳು.

“ಬಲಗಡೆ ನಂದು,” ಎಂದಳು. “ಆಗಲೇ ಎರಡು ನಾಯಿ.”

ಅಲ್ಲಿಂದ ಸ್ಕೂಲಿನವರೆಗೆ ಅವರು ನಾಯಿ ಎಣಿಸಿದರು. ಒಂಬತ್ತು ನಿಮಿಷ. ಬಟಾಣಿಗೆ ಅಷ್ಟು ಸುಖ ಯಾವ ಹಬ್ಬದಲ್ಲೂ ಆಗಿರಲಿಲ್ಲ. ಗೇಟಿನ ಹತ್ತಿರ ಇಳಿಯುವಾಗ ಮಾಮ ಕೂಗಿ ಹೇಳಿದ, ಸಂಜೆ ಅಮ್ಮನಿಗೆ ಫೋನ್ ಮಾಡಿ ಲಿಸ್ಟಿನಲ್ಲಿ ಮತ್ತೆ ಹೆಸರು ಬರೆದುಕೊಳ್ಳುತ್ತೇನೆ ಎಂದು. ಅವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು.

ಸಂಜೆಗಳಲ್ಲಿ ಬಟಾಣಿಯನ್ನು ಕರೆದುಕೊಂಡು ಹೋಗುವುದು ಅಮ್ಮ. ಸ್ಕೂಲು ಮೂರೂವರೆಗೆ ಬಿಟ್ಟರೆ ಅಮ್ಮನ ಕ್ಲಾಸು ಬಿಡುವುದು ನಾಲ್ಕಕ್ಕೆ. ಅಲ್ಲಿಯವರೆಗೆ ಬಟಾಣಿ ಸ್ಕೂಲಿನ ಜಗಲಿಯ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಅವತ್ತೂ ವ್ಯಾನ್ ಹತ್ತದೆ ಅಲ್ಲೇ ಕೂತಳು, ಆದರೆ ಪೆನ್ಸಿಲ್ ಮುಂದೆ ಹೋಗಲಿಲ್ಲ. ಮಾಮನ ಫೋನ್ ಅಮ್ಮನಿಗೆ ಮೊದಲು ಹೋಗುತ್ತದೋ, ತಾನು ಮೊದಲು ಹೋಗುತ್ತೇನೋ? ಅವಳು ಬ್ಯಾಗ್ ಎತ್ತಿಕೊಂಡಳು. ಅಮ್ಮನ ಹತ್ತಿರ ಹೋಗುತ್ತೇನೆ ಎಂದು ವಾಚ್‌ಮನ್ ತಾತನಿಗೆ ಹೇಳಿದಳು. ಎರಡೇ ಬೀದಿ. ತಾತ ಗೇಟಿನಲ್ಲಿ ನಿಂತು ಅವಳು ಮೂಲೆ ತಿರುಗುವವರೆಗೆ ನೋಡಿದ.

ದಾರಿಯಲ್ಲಿ ಅವಳು ಎರಡು ಮಾತು ತಯಾರು ಮಾಡಿಕೊಂಡಳು. ಒಂದು, ನಾನು ಸುಳ್ಳು ಹೇಳಿದೆ. ಇನ್ನೊಂದು, ನನಗೆ ವ್ಯಾನ್ ವಾಪಸ್ ಬೇಕು. ಯಾವುದನ್ನು ಮೊದಲು ಹೇಳುವುದು ಎಂದು ತೀರ್ಮಾನವಾಗುವ ಮೊದಲೇ ತರಬೇತಿ ಕೇಂದ್ರ ಬಂದುಬಿಟ್ಟಿತು.

ಅದು ಕೆಳಗೆ ಔಷಧಿ ಗೋಡೌನು, ಮೇಲೆ ಎರಡು ಹಾಲ್ ಇದ್ದ ಕಟ್ಟಡ. ಮೆಟ್ಟಿಲು ಹತ್ತಿದರೆ ಫಿನಾಯಿಲ್ ವಾಸನೆ. ಹಾಲಿನ ಕಿಟಕಿ ತೆರೆದಿತ್ತು. ಬಟಾಣಿ ತುದಿಗಾಲಲ್ಲಿ ನಿಂತು ಇಣುಕಿದಳು. ಒಂದು ಮಂಚದ ಮೇಲೆ ಆಳುದ್ದದ ಪ್ಲಾಸ್ಟಿಕ್ ಗೊಂಬೆ ಮಲಗಿತ್ತು, ಕುತ್ತಿಗೆಯವರೆಗೆ ಹೊದಿಕೆ ಹೊದ್ದು. ಬೆಂಚುಗಳಲ್ಲಿ ಬಿಳಿ ಕೋಟು ಹಾಕಿದ ಇಪ್ಪತ್ತು ಜನ. ಎಲ್ಲರೂ ಪಕ್ಕದ ಮನೆ ಅಕ್ಕನಷ್ಟು ಚಿಕ್ಕವರು. ಕೊನೆಯ ಬೆಂಚಿನಲ್ಲಿ ಒಬ್ಬಳು ಮಾತ್ರ ದೊಡ್ಡವಳು. ಅದು ಅಮ್ಮ.

ಅಮ್ಮ ಪಕ್ಕದವಳ ತೋಳಿಗೆ ಬೀಪಿ ನೋಡುವ ಪಟ್ಟಿ ಸುತ್ತುತ್ತಿದ್ದಳು. ಆ ಪಕ್ಕದವಳು ದುಂಡು ಮುಖದ, ಕನ್ನಡಕದ ಹುಡುಗಿ. ಅಮ್ಮ ರಬ್ಬರ್ ಬಲ್ಬನ್ನು ಒತ್ತಿ ಒತ್ತಿ ಗಾಳಿ ತುಂಬಿಸಿದಳು. ಪಟ್ಟಿ ಊದಿ, ಊದಿ, ಟಪ್ಪೆಂದು ಬಿಚ್ಚಿಕೊಂಡು ಹಾರಿತು. ಕನ್ನಡಕದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಮ್ಮ ತುಟಿ ಕಚ್ಚಿಕೊಂಡಳು.

“ಏನದು ಕೊನೇ ಬೆಂಚು?” ಎಂದರು ಮೇಡಂ, ಬೋರ್ಡಿನಿಂದ ತಿರುಗದೆಯೇ.

ಅಮ್ಮ ಥಟ್ಟನೆ ತಲೆ ಬಗ್ಗಿಸಿದಳು. ಪಕ್ಕದವಳೂ ಬಗ್ಗಿಸಿದಳು. ಎರಡು ತಲೆಗಳು ಬೆಂಚಿಗೆ ತಾಗುವಷ್ಟು ಕೆಳಗಿದ್ದವು. ಭುಜಗಳು ಮಾತ್ರ ಕುಲುಕುಲು ಕುಲುಕುತ್ತಿದ್ದವು.

ಬಟಾಣಿ ಕಿಟಕಿಯ ಸರಳು ಹಿಡಿದುಕೊಂಡೇ ನಿಂತಳು. ಅಮ್ಮ ನಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಅಜ್ಜಿಯ ಮಾತಿಗೆ ನಗುತ್ತಾಳೆ, ಅಪ್ಪನ ತಮಾಷೆಗೆ ಸೌಟು ಹಿಡಿದುಕೊಂಡೇ ನಗುತ್ತಾಳೆ. ಆದರೆ ಹೀಗೆ, ಬೈಸಿಕೊಂಡ ಮೇಲೆ ತಡೆಯಲಾಗದೆ, ಭುಜಕ್ಕೆ ಭುಜ ತಾಗಿಸಿಕೊಂಡು? ಈ ನಗು ಹೇಗಿರುತ್ತದೆ ಎಂದು ಬಟಾಣಿಗೆ ಚೆನ್ನಾಗಿ ಗೊತ್ತಿತ್ತು. ಅಮ್ಮನಿಗೂ ಗೊತ್ತು ಎಂಬುದು ಗೊತ್ತಿರಲಿಲ್ಲ.

ಕ್ಲಾಸು ಬಿಟ್ಟಿತು. ಬಾಗಿಲಲ್ಲಿ ಮಗಳನ್ನು ಕಂಡು ಅಮ್ಮನ ಮುಖ ಬಿಳಿಚಿಕೊಂಡಿತು. ಏನಾಯಿತು, ಬಿದ್ದೆಯಾ, ಜ್ವರವಾ ಎಂದು ಹಣೆ ಮುಟ್ಟಿ ನೋಡಿದಳು. ಬಟಾಣಿ ತಲೆಯಾಡಿಸಿದಳು. ಮೆಟ್ಟಿಲು ಇಳಿಯುತ್ತ ಎಲ್ಲ ಹೇಳಿಬಿಟ್ಟಳು. ಟ್ಯಾಂಕು, ಮಾಮ, ಮೋಟು ಹಲಗೆ, ಸುಳ್ಳು. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅಳುತ್ತಿದ್ದಳು.

ಅಮ್ಮ ಬೈಯಲಿಲ್ಲ. ಗೋಡೌನಿನ ಮುಂದಿನ ಕಟ್ಟೆಯ ಮೇಲೆ ಕೂತು, ಅವಳನ್ನೂ ಕೂರಿಸಿಕೊಂಡಳು.

“ಅಷ್ಟೊಂದು ಆಸೆ ಆಯ್ತಾ?”

“ಹೂಂ. ದಿನಾ ಆಗತ್ತೆ.”

ಅಮ್ಮ ರಸ್ತೆ ನೋಡುತ್ತಲೇ ಹೇಳಿದಳು. “ನಾನು ಹತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟು ಟೈಲರ್ ಅಂಗಡಿಗೆ ಸೇರಿದ್ನಲ್ಲ. ನನ್ನ ಜೊತೆಯವರೆಲ್ಲ ಕಾಲೇಜಿಗೆ ಅದೇ ರಸ್ತೇಲಿ ಹೋಗೋರು. ಅವರು ಬರೋ ಹೊತ್ತಿಗೆ ನಾನು ಸೂಜಿಗೆ ದಾರ ಪೋಣಿಸೋ ನೆಪ ಮಾಡ್ಕೊಂಡು ತಲೆ ಬಗ್ಗಿಸ್ಬಿಡ್ತಿದ್ದೆ.”

“ಎಷ್ಟು ದಿನ?”

“ಅಭ್ಯಾಸ ಆಗೋವರೆಗೆ ಅಂದ್ಕೊಂಡಿದ್ದೆ.”

“ಅಭ್ಯಾಸ ಆಯ್ತಾ?”

ಅಮ್ಮ ಕೋಟಿನ ಅಂಚನ್ನು ಬೆರಳಿಂದ ನೀವಿದಳು. “ಇಲ್ಲ,” ಎಂದಳು.

ಒಂದು ಲಾರಿ ಬಂದು ನಿಂತಿತು. ಇಬ್ಬರು ಆಳುಗಳು ಔಷಧಿಯ ಡಬ್ಬಗಳನ್ನು ಇಳಿಸತೊಡಗಿದರು. ಅಮ್ಮ ಬಟಾಣಿಯ ಕೆನ್ನೆ ಒರೆಸಿ, ಮುಂದಿನ ತಿಂಗಳಿಂದ ವ್ಯಾನಿಗೇ ಹೋಗು, ಏನಾದರೂ ಮಾಡೋಣ ಎಂದಳು.

ಏನಾದರೂ ಎಂದರೆ ಏನು ಎಂದು ಬಟಾಣಿಗೆ ಗೊತ್ತಿತ್ತು. ಟೈಲರ್ ಅಂಗಡಿಯವರು ಈಗಲೂ ಮನೆಗೆ ಒಂದು ಗಂಟು ಶರ್ಟು ಕಳಿಸುತ್ತಿದ್ದರು. ಅಮ್ಮ ಸಂಜೆ ಗುಂಡಿ ಹಾಕುತ್ತ, ಮೊಣಕಾಲ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಓದುತ್ತಿದ್ದಳು. ಹಾಗೆ ಓದುವಾಗ ಎಷ್ಟೋ ಸಲ ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಏನಾದರೂ ಎಂದರೆ ಇನ್ನೊಂದು ಗಂಟು.

“ನಂಗೆ ವ್ಯಾನ್ ಬೇಕು ಅಮ್ಮ. ತುಂಬಾ ಬೇಕು,” ಎಂದಳು ಬಟಾಣಿ. “ಆದ್ರೆ ನಡ್ಕೊಂಡೇ ಹೋಗ್ತೀನಿ. ಇನ್ನೆಷ್ಟು ತಿಂಗಳಿದೆ?”

“ಹನ್ನೊಂದು.”

ಹನ್ನೊಂದು ಎಷ್ಟು ದೊಡ್ಡ ಸಂಖ್ಯೆ ಎಂದು ಬಟಾಣಿ ಅಲ್ಲಿಯವರೆಗೆ ಗಮನಿಸಿರಲಿಲ್ಲ. ಅಷ್ಟರಲ್ಲಿ ಅಮ್ಮನ ಬ್ಯಾಗಿನಲ್ಲಿ ಫೋನ್ ಹೊಡೆದುಕೊಂಡಿತು. ವ್ಯಾನ್ ಮಾಮನ ಹೆಸರು. ಏನು ಹೇಳಲಿ ಎಂಬಂತೆ ಅಮ್ಮ ಅವಳನ್ನು ನೋಡಿದಳು. ಬಟಾಣಿ ಮೂಗು ಒರೆಸಿಕೊಂಡು, ನಾಳೆ ನಾನೇ ಹೇಳ್ತೀನಿ ಎಂದಳು.

ಮಾರನೇ ದಿನ ತಿರುವಿನಲ್ಲಿ ಅವಳು ಕೈ ಅಡ್ಡ ಹಿಡಿದು ವ್ಯಾನ್ ನಿಲ್ಲಿಸಿದಳು. ಅಪ್ಪ ನಾಲ್ಕು ಹೆಜ್ಜೆ ಹಿಂದೆ ನಿಂತ. ಎಲ್ಲ ಕಿಟಕಿಗಳಲ್ಲೂ ತಲೆಗಳು ಮೂಡಿದವು. ಬಟಾಣಿಯ ಕಿವಿ ಕೆಂಡದ ಹಾಗೆ ಬಿಸಿಯಾಯಿತು. ಆದರೂ ಹೇಳಬೇಕಾದದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಅಮ್ಮ ಹೇಳಿರಲಿಲ್ಲ, ನಾನೇ ಸುಳ್ಳು ಹೇಳಿದೆ, ನಿನ್ನೆಯ ದುಡ್ಡು ಎಷ್ಟಾಯಿತು ಎಂದೂ ಕೇಳಿದಳು.

ಮಾಮ ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತ ಗಂಭೀರವಾಗಿ ಯೋಚಿಸಿದ. “ಸ್ಟೆಪ್ನಿ ಪಕ್ಕ ಕೂತವರಿಗೆ ನಾನು ಚಾರ್ಜ್ ಮಾಡಲ್ಲ. ಸ್ಟೆಪ್ನೀನೂ ದುಡ್ಡು ಕೊಡಲ್ಲ, ನೀನೂ ಬೇಡ,” ಎಂದ. ಆಮೇಲೆ ದನಿ ತಗ್ಗಿಸಿ, ಇನ್ನೊಂದು ಸಲ ಸುಳ್ಳು ಹೇಳಿ ಹತ್ತಬೇಡಮ್ಮ, ದಾರಿಯಲ್ಲಿ ಏನಾದರೂ ಆದರೆ ನಿಮ್ಮಮ್ಮನಿಗೆ ನಾನು ಏನು ಹೇಳಲಿ ಎಂದ. ಬಟಾಣಿ ಹೂಂ ಎಂದಳು.

ಕೊಕ್ಕರೆ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದಳು. ಎಷ್ಟು ದಿನ ಎಂದು ತುಟಿ ಆಡಿಸಿ ಕೇಳಿದಳು. ಬಟಾಣಿ ಹತ್ತು ಬೆರಳು ತೋರಿಸಿ, ಮುಚ್ಚಿ, ಮತ್ತೆ ಒಂದು ಬೆರಳು ತೋರಿಸಿದಳು. ವಾರವಾ ಎಂದು ಕೊಕ್ಕರೆ ಕೇಳಿದಳು. ಬಟಾಣಿ ಅಲ್ಲ ಎಂದು ತಲೆಯಾಡಿಸಿದಳು. ಕೊಕ್ಕರೆಯ ಮುಖ ಸಣ್ಣದಾಯಿತು. ವ್ಯಾನ್ ಹೊರಟಾಗ ಅವಳೂ ಹತ್ತು ಬೆರಳು ಎತ್ತಿ, ಆಮೇಲೆ ಒಂದು ಬೆರಳು ಎತ್ತಿದಳು. ಪಕ್ಕದಲ್ಲಿದ್ದ ಕೆಂಪು ಹೇರ್‌ಬ್ಯಾಂಡಿನವಳು ಏನು ಎತ್ತ ಎಂದು ತಿಳಿಯದೆ, ಇರಲಿ ಎಂದು ತಾನೂ ಒಂದು ಬೆರಳು ಎತ್ತಿದಳು. ಅದನ್ನು ನೋಡಿ ಬಟಾಣಿಗೆ ನಗು ಬಂತು. ಅಳುವೂ ಬಂತು. ಸದ್ದು ಪೂರ್ತಿ ಅಡಗುವವರೆಗೆ ಅಲ್ಲೇ ನಿಂತಿದ್ದಳು. ಅಪ್ಪ ಅವಸರ ಮಾಡಲಿಲ್ಲ.

ಆ ವಾರದ ಕೊನೆಗೆ ಅಮ್ಮನಿಗೆ ಮೊದಲ ಟೆಸ್ಟ್ ಬಂತು. ಮೂಳೆಗಳ ಹೆಸರು. ಅಮ್ಮ ನೋಟ್‌ಬುಕ್ ಕೊಂಡಿರಲಿಲ್ಲ. ಬಟಾಣಿಯ ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನೆಲ್ಲ ಕಿತ್ತು, ಪ್ಯಾಂಟಿನ ಅಂಚು ಹೊಲಿಯುವ ದಾರದಿಂದ ಹೊಲಿದುಕೊಂಡಿದ್ದಳು. ಕೆಲವು ಹಾಳೆಗಳಲ್ಲಿ ನಾಲ್ಕು ಗೆರೆ, ಕೆಲವುದರಲ್ಲಿ ಎರಡು. ಸಂಜೆ ಮನೆಗೆ ನಡೆಯುವಾಗ ಅದನ್ನು ಬಟಾಣಿಯ ಕೈಗೆ ಕೊಟ್ಟು, ಕೇಳು ನೋಡೋಣ ಎಂದಳು.

ಬಟಾಣಿ ಮೇಡಂ ಆದಳು. ಅಮ್ಮ ತೊಡೆಯ ಮೂಳೆ ಸರಿಯಾಗಿ ಹೇಳಿದಳು, ಬೆನ್ನುಮೂಳೆ ಹೇಳಿದಳು. ಮೊಣಕೈಯ ಕೆಳಗೆ ಬಂದಾಗ ಸಿಕ್ಕಿಹಾಕಿಕೊಂಡಳು. ಅಲ್ಲಿ ಎರಡೆರಡು ಮೂಳೆ. ರೇಡಿಯಸ್ ಯಾವುದು, ಅಲ್ನಾ ಯಾವುದು?

“ಹೆಬ್ಬೆರಳ ಕಡೇದು ಅಲ್ನಾ,” ಎಂದಳು ಅಮ್ಮ.

“ತಪ್ಪು. ಮತ್ತೆ ಹೇಳು.”

ಮಾರ್ಕೆಟ್ ಬಂತು, ಹೋಯಿತು. ಅಮ್ಮ ಮೂರು ಸಲ ತಪ್ಪಿದಳು. ನಾಲ್ಕನೇ ಸಲ ಸರಿ ಹೇಳಿದಳು, ಐದನೇ ಸಲ ಮತ್ತೆ ತಪ್ಪಿದಳು. ಬಟಾಣಿಯ ಕಾಲು ನೋಯುತ್ತಿತ್ತು. ಬೀದಿಯ ಮೂಲೆ ತಿರುಗುತ್ತಲೇ ಮನೆ ಕಂಡಿತು. ಬಾಗಿಲು ತೆರೆದಿತ್ತು. ಒಳಗೆ ಗೋಡೆಯ ಪಕ್ಕ ಶರ್ಟಿನ ಗಂಟು ಕೂತಿರುವುದು ಇಲ್ಲಿಂದಲೇ ಕಾಣುತ್ತಿತ್ತು. ನೋಟ್‌ಬುಕ್ಕಿನಲ್ಲಿ ಇನ್ನೂ ಎರಡು ಹಾಳೆ ಉಳಿದಿದ್ದವು.

ಅಮ್ಮ ಗೇಟಿನ ಮೇಲೆ ಕೈಯಿಟ್ಟಳು. ಅವಳ ತುಟಿ ಇನ್ನೂ ಆಡುತ್ತಿತ್ತು. ರೇಡಿಯಸ್, ಅಲ್ನಾ, ರೇಡಿಯಸ್, ಅಲ್ನಾ.

ಬಟಾಣಿ ಗೇಟನ್ನು ನೋಡಿದಳು, ಅಮ್ಮನನ್ನು ನೋಡಿದಳು.

“ಬಾ ಅಮ್ಮ,” ಎಂದಳು. “ಬೀದಿ ಕೊನೆ ತನಕ ಹೋಗ್ಬರೋಣ.”

ಅಮ್ಮ ಗೇಟಿನಿಂದ ಕೈ ತೆಗೆದಳು. ಬಟಾಣಿ ನೋಟ್‌ಬುಕ್ಕಿನ ಹಾಳೆ ತಿರುಗಿಸಿ, ಮಣಿಕಟ್ಟಿನಲ್ಲಿ ಒಟ್ಟು ಎಷ್ಟು ಮೂಳೆ ಎಂದು ಕೇಳಿದಳು. ಅಮ್ಮ ತನ್ನ ಎಡಗೈಯ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದೊಂದಾಗಿ ಎಣಿಸುತ್ತ ಅವಳ ಪಕ್ಕದಲ್ಲಿ ನಡೆದಳು.